ಬಯಲುಸೀಮೆಯ ದಾರಿಗೆ ಸಣ್ಣ ಕ್ರಾಸ್‌ಓವರ್: ಎತ್ತರಕ್ಕೆ ತೆರುವ ಬೆಲೆ

ಸಣ್ಣ ಕ್ರಾಸ್‌ಓವರ್ ನೋಟಕ್ಕೆ ಜೀಪಿನಂತಿದ್ದರೂ ಮೈಕಟ್ಟಿನಲ್ಲಿ ಕಾರೇ. ಬೊಲೆರೊ, ಸ್ಕಾರ್ಪಿಯೊಗಳಲ್ಲಿ ಲಾರಿಗಿರುವ ಹಾಗೆ ಕೆಳಗೊಂದು ಉಕ್ಕಿನ ಚೇಸಿಸ್, ಅದರ ಮೇಲೆ ಬೇರೆಯಾಗಿ ಕೂರಿಸಿದ ಬಾಡಿ ಇರುತ್ತದೆ. ಕ್ರಾಸ್‌ಓವರಿನಲ್ಲಿ ಚೇಸಿಸ್ಸೂ ಬಾಡಿಯೂ ಒಂದೇ. ಉಕ್ಕಿನ ತಗಡುಗಳನ್ನು ಬೆಸೆದು ಕಟ್ಟಿದ ಗೂಡೇ ಎಲ್ಲ ಭಾರವನ್ನೂ ಹೊರುತ್ತದೆ. ಮಾರುತಿಯ ಫ್ರಾಂಕ್ಸ್ ನಿಂತಿರುವುದು ಬಲೆನೊ ಕಾರಿನ ತಳಹದಿಯ ಮೇಲೆ. ಟಾಟಾ ಪಂಚ್‌ಗೆ ಆಲ್ಟ್ರೋಜ್, ಹ್ಯುಂಡೈ ಎಕ್ಸ್‌ಟರ್‌ಗೆ ಗ್ರ್ಯಾಂಡ್ ಐ10 ನಿಯೋಸ್ ಆಧಾರ. ಅದೇ ತಳಹದಿಯನ್ನು ನೆಲದಿಂದ ಒಂದಿಷ್ಟು ಮೇಲೆತ್ತಿ, ಚಕ್ರ ದೊಡ್ಡದು ಮಾಡಿ, ಸೀಟನ್ನು ಎತ್ತರಿಸಿ, ಬಾನೆಟ್ಟನ್ನು ಚೌಕವಾಗಿ ಕಾಣಿಸಿದರೆ ಕ್ರಾಸ್‌ಓವರ್ ಸಿದ್ಧ. ಕಂಪನಿಗಳು ಇದನ್ನು ಎಸ್‌ಯುವಿ ಎಂದೇ ಮಾರುತ್ತವೆ. ಕೊಳ್ಳುವವರು ಮಾತ್ರ ಇದು ಎತ್ತರಿಸಿದ ಕಾರು ಎಂಬುದನ್ನು ಮರೆಯಬಾರದು; ಮುಂದಿನ ಲೆಕ್ಕವೆಲ್ಲ ಅಲ್ಲಿಂದಲೇ ಶುರು.

ಈ ವಾಹನಗಳ ಉದ್ದ ನಾಲ್ಕು ಮೀಟರಿಗೆ ಬಂದು ನಿಂತಿರುವುದಕ್ಕೆ ಕಾರಣ ತೆರಿಗೆ. 2006ರ ಕೇಂದ್ರ ಬಜೆಟ್ಟಿನಲ್ಲಿ ಸಣ್ಣ ಕಾರುಗಳ ಅಬಕಾರಿ ಸುಂಕವನ್ನು ಶೇ 24ರಿಂದ 16ಕ್ಕೆ ಇಳಿಸಲಾಯಿತು. ನಾಲ್ಕು ಮೀಟರ್ ಮೀರದ ಉದ್ದ, ಪೆಟ್ರೋಲ್ ಆದರೆ 1200 ಸಿಸಿ, ಡೀಸೆಲ್ ಆದರೆ 1500 ಸಿಸಿ ಮೀರದ ಎಂಜಿನ್ ಇದ್ದರೆ ಅದು ಸಣ್ಣ ಕಾರು. ಆ ಗೆರೆ ಇಂದಿಗೂ ಹೆಚ್ಚುಕಡಿಮೆ ಹಾಗೇ ಉಳಿದಿದೆ. 2025ರ ಸೆಪ್ಟೆಂಬರ್ 22ರಿಂದ ಈ ಗೆರೆಯೊಳಗಿನ ಕಾರುಗಳಿಗೆ ಜಿಎಸ್‌ಟಿ ಶೇ 18, ಗೆರೆ ದಾಟಿದವಕ್ಕೆ ಶೇ 40. ಅದಕ್ಕೂ ಮೊದಲು ಸೆಸ್ ಸೇರಿ ಸಣ್ಣ ಪೆಟ್ರೋಲ್ ಕಾರಿಗೆ ಶೇ 29, ಸಣ್ಣ ಡೀಸೆಲ್ ಕಾರಿಗೆ ಶೇ 31 ಬೀಳುತ್ತಿತ್ತು. ನೆಕ್ಸಾನ್, ಬ್ರೆಝಾ ಎರಡರ ಉದ್ದವೂ 3995 ಮಿಲಿಮೀಟರ್ ಆಗಿರುವುದು ಕಾಕತಾಳೀಯವಲ್ಲ. ಬೊಲೆರೊ ಕೂಡ 2016ರಲ್ಲಿ ಮೈ ಕುಗ್ಗಿಸಿಕೊಂಡು 3995ಕ್ಕೆ ಬಂತು.

2013ರಲ್ಲಿ ಬಂದ ಫೋರ್ಡ್ ಇಕೊಸ್ಪೋರ್ಟ್ ಈ ವರ್ಗಕ್ಕೆ ದೇಶದಲ್ಲಿ ದೊಡ್ಡ ಮಾರುಕಟ್ಟೆ ಇದೆ ಎಂದು ತೋರಿಸಿಕೊಟ್ಟಿತು. 2016ರಲ್ಲಿ ಬ್ರೆಝಾ, 2017ರಲ್ಲಿ ನೆಕ್ಸಾನ್, 2019ರಲ್ಲಿ ವೆನ್ಯೂ ಮತ್ತು ಎಕ್ಸ್‌ಯುವಿ300, 2020ರಲ್ಲಿ ಸೋನೆಟ್ ಮತ್ತು ಮ್ಯಾಗ್ನೈಟ್, 2021ರಲ್ಲಿ ಪಂಚ್, 2023ರಲ್ಲಿ ಫ್ರಾಂಕ್ಸ್ ಮತ್ತು ಎಕ್ಸ್‌ಟರ್ ಬಂದವು. ಚಿತ್ರದುರ್ಗ ಜಿಲ್ಲೆಯ ಈಶಾನ್ಯಕ್ಕಿರುವ ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳಲ್ಲೂ ಮೊದಲ ಕಾರು ಕೊಳ್ಳಲು ಹೊರಟ ಮನೆಗಳ ಮಾತು ಈಗ ಇವುಗಳ ಸುತ್ತಲೇ ತಿರುಗುತ್ತದೆ. ಎದುರಿಗೆ ಎರಡು ಪರ್ಯಾಯಗಳಿವೆ: ಕಡಿಮೆ ಬೆಲೆಯ ಸ್ವಿಫ್ಟ್, ವ್ಯಾಗನ್‌ಆರ್‌ನಂಥ ಸಣ್ಣ ಕಾರು, ಇಲ್ಲವೇ ಹಳ್ಳಿಯವರು ಕಾಲು ಶತಮಾನದಿಂದ ನಂಬಿರುವ ಬೊಲೆರೊ.

ಇಲ್ಲಿನ ದಾರಿ ಎಂಥದು

ಎರಡೂ ತಾಲ್ಲೂಕುಗಳನ್ನು ಸೀಳಿಕೊಂಡು ರಾಷ್ಟ್ರೀಯ ಹೆದ್ದಾರಿ 150ಎ ಹಾದುಹೋಗುತ್ತದೆ. ಹಿರಿಯೂರಿನಿಂದ ಸಾಣಿಕೆರೆ, ಚಳ್ಳಕೆರೆ, ತಳಕು, ಬಿ.ಜಿ.ಕೆರೆ, ರಾಂಪುರ ದಾಟಿ ಬಳ್ಳಾರಿಗೆ ಹೋಗುವ ದಾರಿ ಇದು. ಚಳ್ಳಕೆರೆಯಿಂದ ಪಶ್ಚಿಮಕ್ಕೆ ಮೂವತ್ತು ಕಿಲೋಮೀಟರ್ ಆಸುಪಾಸಿನಲ್ಲಿ ಚಿತ್ರದುರ್ಗ. ಬೆಂಗಳೂರು ಸುಮಾರು ಇನ್ನೂರು ಕಿಲೋಮೀಟರ್. ಮೊಳಕಾಲ್ಮುರಿಗೆ ಆಂಧ್ರದ ರಾಯದುರ್ಗ ಇಪ್ಪತ್ತು ಕಿಲೋಮೀಟರಿನೊಳಗೇ ಇದೆ. ಆಸ್ಪತ್ರೆ, ಮಾರುಕಟ್ಟೆ, ಮಕ್ಕಳ ಕಾಲೇಜು, ನೆಂಟಸ್ತಿಕೆ ಯಾವುದಕ್ಕೆ ಹೊರಟರೂ ಓಡಾಟದ ಬಹುಪಾಲು ಒಳ್ಳೆಯ ಡಾಂಬರಿನ ಮೇಲೆಯೇ ಆಗುತ್ತದೆ.

ತೊಂದರೆ ಇರುವುದು ಕೊನೆಯ ಮೂರು-ನಾಲ್ಕು ಕಿಲೋಮೀಟರಿನಲ್ಲಿ. ಹೆದ್ದಾರಿ ಬಿಟ್ಟು ಊರಿಗೆ ತಿರುಗಿದರೆ ಕಿತ್ತುಹೋದ ಡಾಂಬರು, ಊರು ದಾಟಿ ತೋಟದ ಕಡೆ ಹೊರಟರೆ ಟ್ರ್ಯಾಕ್ಟರ್ ಗಾಲಿ ಕೊರೆದ ಬಂಡಿದಾರಿ. ಎರಡು ಗಾಲಿಪಟ್ಟಿಗಳ ನಡುವಿನ ಮಣ್ಣು ದಿಬ್ಬದಂತೆ ಎದ್ದಿರುತ್ತದೆ. ಸಣ್ಣ ಕಾರಿನ ಹೊಟ್ಟೆ ಉಜ್ಜುವುದು ಅಲ್ಲೇ. ಊರೂರಿನ ರೋಡ್ ಹಂಪ್‌ಗಳದು ಇನ್ನೊಂದು ಕಾಟ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದ ಪ್ರಕಾರ ಹಂಪ್ 3.7 ಮೀಟರ್ ಅಗಲವಿದ್ದು, ನಡುವೆ ಹತ್ತು ಸೆಂಟಿಮೀಟರ್ ಮಾತ್ರ ಎತ್ತರವಿರಬೇಕು. ಹಳ್ಳಿಗಳಲ್ಲಿ ಕಾಂಕ್ರೀಟ್ ಸುರಿದು ಮಾಡಿದ ಹಂಪ್‌ಗಳಲ್ಲಿ ಆ ಅಗಲದ ಕಾಲು ಭಾಗವೂ ಸಿಗುವುದಿಲ್ಲ, ಎತ್ತರ ಮಾತ್ರ ಹೆಚ್ಚು.

ಮಳೆಯ ವಿಷಯದಲ್ಲಿ ಈ ಸೀಮೆ ರಾಜ್ಯದ ಅತಿ ಒಣ ಪ್ರದೇಶಗಳಲ್ಲೊಂದು. ಕೆಂಪು ಮರಳುಮಿಶ್ರಿತ ನೆಲ ಮಳೆ ನಿಂತ ಕೆಲವೇ ಗಂಟೆಗಳಲ್ಲಿ ಗಟ್ಟಿಯಾಗುತ್ತದೆ. ವೇದಾವತಿ ಹರಿಯುವ ಕಡೆಯ ಎರೆನೆಲದ ಕಥೆಯೇ ಬೇರೆ. ಅಲ್ಲಿ ಒಂದು ಹದಮಳೆ ಬಿದ್ದರೆ ಚಕ್ರಕ್ಕೆ ಮೆತ್ತಿದ ಮಣ್ಣು ಬಿಡುವುದೇ ಇಲ್ಲ. ಕಾರಿನ ಆಯ್ಕೆ ಮಾಡುವ ಮನೆಯವರು ತಮ್ಮ ಹೊಲದ ದಾರಿ ಕೆಂಪು ಮಣ್ಣಿನದೋ ಎರೆ ಮಣ್ಣಿನದೋ ಎಂದು ಕೇಳಿಕೊಂಡರೆ ಅರ್ಧ ಉತ್ತರ ಸಿಕ್ಕಂತೆ.

ಎತ್ತರದ ಅಂಕಿ, ಎತ್ತರದ ಅಸಲು

ನೆಲಕ್ಕೂ ಕಾರಿನ ತಳಕ್ಕೂ ನಡುವಿನ ಅಂತರವನ್ನು ಗ್ರೌಂಡ್ ಕ್ಲಿಯರೆನ್ಸ್ ಎನ್ನುತ್ತಾರೆ. ಸ್ವಿಫ್ಟ್‌ನದು 163 ಮಿಲಿಮೀಟರ್. ಪಂಚ್‌ನದು 187, ಫ್ರಾಂಕ್ಸ್‌ನದು 190, ಬ್ರೆಝಾದ್ದು ಸುಮಾರು 200, ನೆಕ್ಸಾನ್‌ನದು 208. ಅಂದರೆ ಸಣ್ಣ ಕಾರಿಗಿಂತ ಎರಡೂವರೆಯಿಂದ ನಾಲ್ಕೂವರೆ ಸೆಂಟಿಮೀಟರ್ ಹೆಚ್ಚು. ಕೇಳಲು ಅತ್ಯಲ್ಪ ಎನಿಸಿದರೂ ಹಂಪ್ ಮೇಲೆ ತಳ ಉಜ್ಜುವುದಕ್ಕೂ ಸರಾಗವಾಗಿ ದಾಟುವುದಕ್ಕೂ ಇರುವ ವ್ಯತ್ಯಾಸ ಇಷ್ಟೇ.

ಆದರೆ ಕಂಪನಿಗಳು ಸಾಮಾನ್ಯವಾಗಿ ಹೇಳುವ ಅಂಕಿ ಖಾಲಿ ಗಾಡಿಯದು. ಐದು ಜನ ಕೂತು ಡಿಕ್ಕಿ ತುಂಬಿದಾಗ ಸ್ಪ್ರಿಂಗ್‌ಗಳು ಕುಗ್ಗಿ, ಹಿಂಭಾಗ ಹಲವು ಸೆಂಟಿಮೀಟರ್ ಕೆಳಗಿಳಿಯುತ್ತದೆ. ಗಾಡಿ ಎತ್ತರವಿರಬೇಕು ಎಂದು ಬಯಸುವುದು ತುಂಬಿದ ಹೊತ್ತಿನಲ್ಲಿ. ಅಂಕಿ ಸಿಗುವುದು ಖಾಲಿ ಹೊತ್ತಿನದು. ಬೊಲೆರೊದ ಕ್ಲಿಯರೆನ್ಸ್ 180 ಮಿಲಿಮೀಟರ್ ಎಂದರೆ ಹಲವರು ನಂಬುವುದಿಲ್ಲ. ಕಾಗದದ ಮೇಲೆ ಅದು ನೆಕ್ಸಾನ್‌ಗಿಂತ ತಗ್ಗು. ಆದರೂ ಹೊಲದ ದಾರಿಯಲ್ಲಿ ಬೊಲೆರೊ ಮುಂದೆ ಹೋಗುತ್ತದೆ, ಏಕೆಂದರೆ ಹಿಂದಿನ ಕಮಾನ್ ಪಟ್ಟಾಗಳು ಭಾರಕ್ಕೆ ಅಷ್ಟು ಬಾಗುವುದಿಲ್ಲ, ಮುಂದಿನ ಬಂಪರ್ ನೆಲಕ್ಕೆ ಚಾಚಿಕೊಂಡಿಲ್ಲ, ತಳದಲ್ಲಿ ತಾಗಿದರೂ ತಾಳಿಕೊಳ್ಳುವ ಚೇಸಿಸ್ ಇದೆ. ಕ್ರಾಸ್‌ಓವರಿನಲ್ಲಿ ಮೊದಲು ಪೆಟ್ಟು ತಿನ್ನುವುದು ಬಂಪರಿನ ಕೆಳಗಿನ ಪ್ಲಾಸ್ಟಿಕ್, ಆಮೇಲೆ ಎಂಜಿನ್ ಕೆಳಗಿನ ಹೊದಿಕೆ.

ಇನ್ನೊಂದು ಅಂಶ ಶಕ್ತಿ ಯಾವ ಚಕ್ರಕ್ಕೆ ಹೋಗುತ್ತದೆ ಎಂಬುದು. ಈ ವರ್ಗದ ಕ್ರಾಸ್‌ಓವರ್‌ಗಳಲ್ಲಿ ಎಂಜಿನ್ ತಿರುಗಿಸುವುದು ಮುಂದಿನ ಎರಡು ಚಕ್ರಗಳನ್ನು. ಹಿಂದೆ ಜನ, ಚೀಲ ತುಂಬಿಕೊಂಡು ಸಡಿಲ ಮಣ್ಣಿನ ಏರು ಹತ್ತುವಾಗ ಭಾರವೆಲ್ಲ ಹಿಂದಕ್ಕೆ ಸರಿದು, ಎಳೆಯಬೇಕಾದ ಮುಂದಿನ ಚಕ್ರಗಳು ಹಗುರಾಗಿ ನಿಂತಲ್ಲೇ ಸುತ್ತುತ್ತವೆ. ಬೊಲೆರೊ ಹಿಂಚಕ್ರದ ಗಾಡಿ. ಅದೇ ಭಾರ ಅದಕ್ಕೆ ಹಿಡಿತ ಕೊಡುತ್ತದೆ. ಕೆರೆಯ ಅಂಗಳದ ಮರಳು, ಹಳ್ಳದ ದಂಡೆ, ಹದ ಮೀರಿದ ಎರೆಮಣ್ಣು, ಇವುಗಳಲ್ಲಿ ಕ್ರಾಸ್‌ಓವರ್ ಸಣ್ಣ ಕಾರಿಗಿಂತ ಹೆಚ್ಚಿನ ಧೈರ್ಯಕ್ಕೆ ಅರ್ಹವಲ್ಲ. ಎತ್ತರ ನೋಡಿ ನುಗ್ಗಿದವರು ಟ್ರ್ಯಾಕ್ಟರ್ ಕರೆಸಬೇಕಾಗುತ್ತದೆ.

ಭಾರದ ಲೆಕ್ಕ

ಶೇಂಗಾ, ಈರುಳ್ಳಿ, ದಾಳಿಂಬೆ ಬೆಳೆಯುವ ಮನೆಗೆ ಕಾರು ಬರೀ ಸವಾರಿಯ ಗಾಡಿಯಲ್ಲ. ಬಿತ್ತನೆ ಬೀಜ, ಗೊಬ್ಬರ, ಪಂಪ್‌ಸೆಟ್ಟಿನ ಮೋಟಾರು, ಡ್ರಿಪ್ ಪೈಪಿನ ಸುರುಳಿ ಎಲ್ಲವೂ ಒಂದಲ್ಲ ಒಂದು ದಿನ ಅದರಲ್ಲೇ ಬರುತ್ತವೆ. ಸಣ್ಣ ಕ್ರಾಸ್‌ಓವರ್ ಜನ, ಸಾಮಾನು ಸೇರಿ ಹೊರಬಲ್ಲದ್ದು ಸ್ಥೂಲವಾಗಿ ನಾನೂರರಿಂದ ನಾನೂರೈವತ್ತು ಕಿಲೋ. ಅರವತ್ತೈದು ಕಿಲೋ ತೂಗುವ ಐವರು ಕೂತರೆ ಅಲ್ಲಿಗೇ 325 ಕಿಲೋ ಆಯಿತು. ಅದರ ಮೇಲೆ ಐವತ್ತು ಕಿಲೋದ ಎರಡು ಡಿಎಪಿ ಚೀಲ ಇಟ್ಟರೆ ಮಿತಿ ಮುಟ್ಟಿದಂತೆ. ಚಾಲಕನೊಬ್ಬನೇ ಇದ್ದು ಹಿಂದಿನ ಸೀಟು ಮಡಿಸಿದರೆ 45 ಕಿಲೋದ ಆರು ಯೂರಿಯಾ ಚೀಲ ತರಬಹುದು, ಭಾರ ಆಕ್ಸಲ್ಲುಗಳ ನಡುವೆ ಹಂಚಿಕೊಂಡಿದ್ದರೆ ಮಾತ್ರ. ಹದಿನೈದು, ಇಪ್ಪತ್ತು ಚೀಲದ ವ್ಯವಹಾರಕ್ಕೆ ಲಗೇಜ್ ಆಟೊವನ್ನೋ ಪಿಕಪ್ಪನ್ನೋ ಬಾಡಿಗೆಗೆ ಕರೆಯುವುದೇ ಸರಿ. ವರ್ಷಕ್ಕೆ ನಾಲ್ಕಾರು ಬಾರಿಯ ಬಾಡಿಗೆ ಉಳಿಸಲು ಸ್ವಂತ ಕಾರಿನ ಸಸ್ಪೆನ್ಷನ್ ಹಾಳುಮಾಡಿಕೊಳ್ಳುವುದರಲ್ಲಿ ಉಳಿತಾಯವಿಲ್ಲ.

ಮೊಳಕಾಲ್ಮುರಿನ ರೇಷ್ಮೆ ಸೀರೆಯ ವ್ಯಾಪಾರಸ್ಥರ ಅಗತ್ಯ ಇದಕ್ಕೆ ತದ್ವಿರುದ್ಧ. ಅವರ ಸರಕು ಹಗುರ, ಬೆಲೆ ಹೆಚ್ಚು. ದೂಳು, ನೀರು ತಾಗಬಾರದು, ಹೊರಗಿನವರ ಕಣ್ಣಿಗೂ ಬೀಳಬಾರದು. ಪಂಚ್‌ನ ಡಿಕ್ಕಿ 366 ಲೀಟರ್, ನೆಕ್ಸಾನ್‌ನದು 382, ಬ್ರೆಝಾದ್ದು 328. ಮೇಲೆ ಮುಚ್ಚಳವಿರುವ ಇಂಥ ಡಿಕ್ಕಿ ಬೆಂಗಳೂರಿಗೆ ಸೀರೆಗಂಟು ಒಯ್ಯುವವರಿಗೆ ಬೊಲೆರೊದ ಮುಚ್ಚಳವಿಲ್ಲದ ಹಿಂಭಾಗಕ್ಕಿಂತ ಎಷ್ಟೋ ಮೇಲು. ಮಗ್ಗದ ಕೇರಿಗಳ ಓಣಿಗಳಲ್ಲಿ ತಿರುಗಿಸಿ ನಿಲ್ಲಿಸಬೇಕಾದವರು ಅಗಲವನ್ನೂ ನೋಡಬೇಕು. ಪಂಚ್ 174 ಸೆಂಟಿಮೀಟರ್ ಅಗಲ, ನೆಕ್ಸಾನ್ 180. ಕನ್ನಡಿಗಳ ಅಗಲ ಬೇರೆ.

ಏಳು ಜನ ಕೂರುವ ಮನೆಗೆ ಈ ವರ್ಗದಲ್ಲಿ ಉತ್ತರವಿಲ್ಲ. ಫಾಲ್ಗುಣದಲ್ಲಿ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆ, ಭಾದ್ರಪದದಲ್ಲಿ ಗೌರಸಮುದ್ರದ ಮಾರಮ್ಮನ ಜಾತ್ರೆ ಬಂದರೆ ಮನೆಮಂದಿಯೆಲ್ಲ ಒಟ್ಟಿಗೆ ಹೊರಡುವುದು ಇಲ್ಲಿನ ರೂಢಿ. ಐದು ಸೀಟಿನ ಕಾರಿನಲ್ಲಿ ಎಂಟು ಜನ ಕೂತರೆ ಬೆಲ್ಟ್ ಇರುವುದು ಐವರಿಗೆ ಮಾತ್ರ. ಏರ್‌ಬ್ಯಾಗು, ಅಪಘಾತ ಪರೀಕ್ಷೆಯ ಐದು ನಕ್ಷತ್ರಗಳೆಲ್ಲ ಉಳಿದ ಮೂವರ ಪಾಲಿಗೆ ಇಲ್ಲದಂತೆ. ಜಾತ್ರೆಯ ದಿನ ಇನ್ನೊಂದು ಗಾಡಿ ಮಾಡುವುದು ಖರ್ಚಲ್ಲ, ಕರ್ತವ್ಯ.

ಕ್ರಾಸ್‌ಓವರಿನ ನಿಜವಾದ ಲಾಭವೊಂದು ಜಾಹೀರಾತಿನಲ್ಲಿ ಅಷ್ಟಾಗಿ ಕಾಣುವುದಿಲ್ಲ. ಅದು ಸೀಟಿನ ಎತ್ತರ. ಸಣ್ಣ ಕಾರಿನೊಳಗೆ ಕೂರಲು ಬಗ್ಗಿ ಇಳಿಯಬೇಕು. ಬೊಲೆರೊಗೆ ಕಾಲೆತ್ತಿ ಹತ್ತಬೇಕು. ಕ್ರಾಸ್‌ಓವರಿನ ಸೀಟು ನಿಂತವರ ಸೊಂಟದ ಮಟ್ಟಕ್ಕೆ ಹತ್ತಿರವಿರುವುದರಿಂದ ಬಾಗಿಲು ತೆಗೆದು ಹಿಮ್ಮುಖವಾಗಿ ಕೂತು ಕಾಲನ್ನು ಒಳಗೆಳೆದುಕೊಂಡರಾಯಿತು. ಮಂಡಿನೋವಿನ ಅಜ್ಜಿಯನ್ನು ತಿಂಗಳಿಗೆರಡು ಸಲ ಚಿತ್ರದುರ್ಗದ ಆಸ್ಪತ್ರೆಗೆ ಕರೆದೊಯ್ಯುವ ಮನೆಗೆ, ಸೀರೆಯುಟ್ಟ ಹೆಂಗಸರಿಗೆ, ಬಸುರಿಗೆ ಈ ಒಂದು ಅನುಕೂಲವೇ ಹೆಚ್ಚಿನ ಬೆಲೆಗೆ ಸಾಕಷ್ಟು ಕಾರಣ. ಕ್ಲಿಯರೆನ್ಸ್ ವರ್ಷದಲ್ಲಿ ಕೆಲವು ದಿನ ಬೇಕಾಗಬಹುದು. ಸೀಟಿನ ಎತ್ತರ ಪ್ರತಿ ಸಲವೂ ಬೇಕು.

ಎಂಜಿನ್ ಮತ್ತು ಇಂಧನ

ಎತ್ತರದ ಗಾಡಿ ಗಾಳಿಯನ್ನು ಹೆಚ್ಚು ತಳ್ಳಬೇಕು, ತೂಕವೂ ಹೆಚ್ಚು. ಹಾಗಾಗಿ ಇಂಧನ ಹೆಚ್ಚು ಸುಡುತ್ತದೆ. ಸಣ್ಣ ಪೆಟ್ರೋಲ್ ಕಾರು ಲೀಟರಿಗೆ 20, ಕ್ರಾಸ್‌ಓವರ್ 16 ಕಿಲೋಮೀಟರ್ ಕೊಡುತ್ತದೆ ಎಂದುಕೊಳ್ಳೋಣ. ವರ್ಷಕ್ಕೆ 12,000 ಕಿಲೋಮೀಟರ್ ಓಡಿದರೆ ಮೊದಲನೆಯದಕ್ಕೆ 600 ಲೀಟರ್, ಎರಡನೆಯದಕ್ಕೆ 750 ಲೀಟರ್ ಬೇಕು. ಲೀಟರಿಗೆ 103 ರೂಪಾಯಿ ಹಿಡಿದರೆ ವರ್ಷಕ್ಕೆ 15,450 ರೂಪಾಯಿ ವ್ಯತ್ಯಾಸ. ಇದರ ಜೊತೆಗೆ ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಬೆರೆತಿರುತ್ತದೆ. ಎಥೆನಾಲಿನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಮೈಲೇಜೂ ಒಂದಿಷ್ಟು ಇಳಿಯುತ್ತದೆ. ಮೊಳಕಾಲ್ಮುರಿನವರಿಗೆ ಗೊತ್ತಿರುವ ಸಂಗತಿ ಇನ್ನೊಂದಿದೆ: ಆಂಧ್ರದಲ್ಲಿ ಇಂಧನದ ಮೇಲಿನ ತೆರಿಗೆ ಹೆಚ್ಚು, ರಾಯದುರ್ಗಕ್ಕೆ ಹೊರಡುವ ಮುನ್ನ ಈ ಕಡೆಯ ಬಂಕಿನಲ್ಲೇ ತುಂಬಿಸಿಕೊಳ್ಳುವುದು ಲಾಭ.

ಡೀಸೆಲ್ ಎಂಜಿನ್ ನೆಕ್ಸಾನ್, ವೆನ್ಯೂ, ಸೋನೆಟ್‌ನಂಥ ಕೆಲವು ಗಾಡಿಗಳಲ್ಲಿ ಮಾತ್ರ ಉಳಿದಿದೆ. ಲೀಟರಿಗೆ 20 ಕಿಲೋಮೀಟರ್, 91 ರೂಪಾಯಿ ಎಂದು ಹಿಡಿದರೆ 12,000 ಕಿಲೋಮೀಟರಿಗೆ 54,600 ರೂಪಾಯಿ. ಪೆಟ್ರೋಲ್ ಕ್ರಾಸ್‌ಓವರಿಗೆ 77,250. ವರ್ಷಕ್ಕೆ 22,650 ಉಳಿತಾಯ. ತೆರಿಗೆ ಸೇರಿ ಡೀಸೆಲ್ ಗಾಡಿಗೆ ಕೊಡುವ ಹೆಚ್ಚುವರಿ ಒಂದೂಕಾಲು ಲಕ್ಷವಾದರೆ ಅದು ಮರಳಲು ಐದೂವರೆ ವರ್ಷ ಹಿಡಿಯುತ್ತದೆ. ಮಂಡಿಗಳಿಗೆ ವಾರವಾರವೂ ಓಡಾಡುತ್ತ ವರ್ಷಕ್ಕೆ 25,000 ಕಿಲೋಮೀಟರ್ ದಾಟುವ ಈರುಳ್ಳಿ, ದಾಳಿಂಬೆ ವ್ಯಾಪಾರಿಗೆ ಅದೇ ಹಣ ಮೂರು ವರ್ಷದೊಳಗೆ ವಾಪಸು. 2020ರ ಏಪ್ರಿಲ್‌ನಿಂದ ಜಾರಿಯಾದ ಬಿಎಸ್6 ಮಾನದಂಡದ ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇದೆ. ಸೇರಿದ ಮಸಿ ಸುಟ್ಟುಹೋಗಬೇಕಾದರೆ ಆಗಾಗ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹದಿನೈದು, ಇಪ್ಪತ್ತು ನಿಮಿಷ ಓಡಬೇಕು. ಚಳ್ಳಕೆರೆ ಪೇಟೆಯೊಳಗೇ ಅಂಗಡಿಗೂ ಮನೆಗೂ ಓಡಾಡುವವರಿಗೆ ಫಿಲ್ಟರ್ ಕಟ್ಟಿಕೊಳ್ಳುವುದು ನಿಶ್ಚಿತ. ಅವರು ಡೀಸೆಲ್ ಕಡೆ ನೋಡದಿರುವುದೇ ವಾಸಿ. ಸಿಎನ್‌ಜಿ ಅಗ್ಗವಾದರೂ ನಿತ್ಯದ ದಾರಿಯಲ್ಲಿ ಪಂಪ್ ಇದ್ದರೆ ಮಾತ್ರ ಉಪಯೋಗ, ಸಿಲಿಂಡರ್ ಡಿಕ್ಕಿಯ ಜಾಗವನ್ನೂ ತಿನ್ನುತ್ತದೆ.

ವಿದ್ಯುತ್ ಕ್ರಾಸ್‌ಓವರ್ ಇಲ್ಲಿ ಗಂಭೀರವಾಗಿ ಯೋಚಿಸಬೇಕಾದ ಆಯ್ಕೆ. ನೆಕ್ಸಾನ್ ಇವಿ 2020ರಲ್ಲಿ, ಪಂಚ್ ಇವಿ 2024ರಲ್ಲಿ ಬಂದವು. ಒಂದು ಯೂನಿಟ್ಟಿಗೆ ಏಳು ಕಿಲೋಮೀಟರ್ ಓಡಿದರೂ ಮನೆಯ ದರದಲ್ಲಿ ಕಿಲೋಮೀಟರಿಗೆ ಒಂದು ರೂಪಾಯಿಯ ಒಳಗೇ ಆಗುತ್ತದೆ. ಪೆಟ್ರೋಲಿಗೆ ಆರು ರೂಪಾಯಿ ದಾಟುತ್ತದೆ. ಚಳ್ಳಕೆರೆ–ಚಿತ್ರದುರ್ಗ, ಮೊಳಕಾಲ್ಮುರು–ಬಳ್ಳಾರಿ ಓಡಾಟವೇ ಮುಖ್ಯವಾದವರಿಗೆ ರಾತ್ರಿ ಮನೆಯಲ್ಲಿ ತುಂಬಿಸಿದ ಚಾರ್ಜು ಸಾಲುತ್ತದೆ. ಬೆಂಗಳೂರಿಗೆ ಹೋಗುವಾಗ ಮಾತ್ರ ಸಣ್ಣ ಬ್ಯಾಟರಿಯವರು ನಡುವೆ ನಿಲ್ಲಬೇಕು. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ ಲೆಕ್ಕವನ್ನೂ ಮರೆಯಬಾರದು. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸಿದರೆ 140 ಯೂನಿಟ್ಟಿನಷ್ಟು ಹೆಚ್ಚುತ್ತದೆ. ಮನೆಯ ಬಳಕೆಯೂ ಸೇರಿ 200 ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಹಾಗೆ ಕಟ್ಟಿದರೂ ಪೆಟ್ರೋಲಿಗಿಂತ ಅಗ್ಗವೇ. ಊರಿನಲ್ಲಿ ವೋಲ್ಟೇಜ್ ನಿಲ್ಲುತ್ತದೆಯೇ, ಮನೆಯ ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ನನ್ನು ಕರೆಸಿ ನೋಡಿಸಿದ ಮೇಲೆಯೇ ಮುಂಗಡ ಕೊಡುವುದು ಒಳ್ಳೆಯದು.

ಜಾಲಿಮುಳ್ಳು ಮತ್ತು ಟಯರು

ಕೆರೆ ಅಂಗಳ, ಗೋಮಾಳ, ರಸ್ತೆಯಂಚು ಎಲ್ಲಿ ನೋಡಿದರೂ ಬಳ್ಳಾರಿ ಜಾಲಿ ಹಬ್ಬಿರುವ ಸೀಮೆ ಇದು. ಬೇಲಿಗೆ ಕಡಿದು ಎಳೆದೊಯ್ದ ಕೊಂಬೆಯಿಂದ ಉದುರಿದ ಮುಳ್ಳು ಒಣಗಿದ ಮೇಲೆ ಮೊಳೆಯಷ್ಟೇ ಗಟ್ಟಿ. ಟ್ಯೂಬ್‌ಲೆಸ್ ಟಯರಿಗೆ ಮುಳ್ಳು ಚುಚ್ಚಿದರೆ ಅದನ್ನು ಅಲ್ಲೇ ಕೀಳಬಾರದು. ಮುಳ್ಳು ಒಳಗಿದ್ದಷ್ಟು ಹೊತ್ತು ಗಾಳಿ ನಿಧಾನವಾಗಿ ಸೋರುವುದರಿಂದ ಪಂಕ್ಚರ್ ಅಂಗಡಿಯವರೆಗೆ ಹೋಗಿ ಸೇರಬಹುದು. ಟಯರಿನ ಪಕ್ಕದ ಗೋಡೆಗೆ ತಾಗಿದರೆ ಮಾತ್ರ ಪ್ಯಾಚ್ ನಿಲ್ಲುವುದಿಲ್ಲ, ಟಯರನ್ನೇ ಬದಲಿಸಬೇಕು.

ಟಾಪ್ ಎಂಡ್ ಮಾದರಿಗಳ 16 ಇಂಚಿನ ಅಲಾಯ್ ಚಕ್ರ ಚಂದ ಕಾಣುತ್ತದೆ, ನಿಜ. ಆದರೆ ಕೆಳ ಮಾದರಿಯ ಉಕ್ಕಿನ ಡಿಸ್ಕ್ ಗುಂಡಿಗೆ ಬಿದ್ದು ಸೊಟ್ಟಗಾದರೆ ಬಡಿದು ನೆಟ್ಟಗೆ ಮಾಡಬಹುದು. ಅಲಾಯ್ ಬಿರುಕು ಬಿಟ್ಟರೆ ಹೊಸದೇ ಗತಿ. ಟಯರಿನ ಗೋಡೆ ಎತ್ತರವಿದ್ದಷ್ಟೂ ಕಲ್ಲಿನ ಪೆಟ್ಟು ತಡೆಯುತ್ತದೆ. ಕೆಲವು ಹೊಸ ಗಾಡಿಗಳಲ್ಲಿ ಪೂರ್ತಿ ಅಳತೆಯ ಸ್ಟೆಪ್ನಿ ಬದಲು ಸಣ್ಣ ಚಕ್ರವನ್ನೋ ಬರೀ ಪಂಕ್ಚರ್ ಕಿಟ್ಟನ್ನೋ ಕೊಡುತ್ತಾರೆ. ದೇವಸಮುದ್ರ, ಪರಶುರಾಂಪುರದ ಕಡೆ ರಾತ್ರಿ ಹತ್ತರ ಮೇಲೆ ಓಡಾಡುವವರಿಗೆ ಅದು ಸಾಲದು. ಡಿಕ್ಕಿಯ ತಳ ಎತ್ತಿ ಸ್ಟೆಪ್ನಿಯನ್ನು ಕಣ್ಣಾರೆ ನೋಡಿಯೇ ಗಾಡಿ ಗೊತ್ತುಮಾಡಬೇಕು.

ಬೇಸಿಗೆಯಲ್ಲಿ ನಲವತ್ತು ಡಿಗ್ರಿಯ ಹತ್ತಿರ ಸುಳಿಯುವ ಸೀಮೆಗೆ ಸನ್‌ರೂಫ್ ಬೇಡವಾದ ಖರ್ಚು. ಅದೇ ದುಡ್ಡಿನಲ್ಲಿ ಹಿಂದಿನ ಸೀಟಿಗೆ ಎಸಿ ಗಾಳಿ ಬರುವ ಮಾದರಿ ಸಿಗುತ್ತದೆಯೇ ನೋಡುವುದು ಲೇಸು. ದೂಳಿನ ದಾರಿಯಾದ್ದರಿಂದ ಎಂಜಿನ್ನಿನ ಏರ್ ಫಿಲ್ಟರ್, ಎಸಿ ಫಿಲ್ಟರ್‌ಗಳನ್ನು ಕಂಪನಿ ಹೇಳಿದ ಅವಧಿಗಿಂತ ಮೊದಲೇ ಬದಲಿಸಬೇಕಾಗುತ್ತದೆ. ಕೆಲವು ಕಂಪನಿಗಳ ಸರ್ವಿಸ್ ಕೇಂದ್ರಕ್ಕೆ ಚಿತ್ರದುರ್ಗಕ್ಕೋ ಬಳ್ಳಾರಿಗೋ ಹೋಗಬೇಕು; ಒಂದು ದಿನದ ಕೆಲಸ, ಹೋಗಿಬರುವ ಇಂಧನ ಎರಡೂ ಸರ್ವಿಸ್ ಬಿಲ್ಲಿಗೆ ಸೇರುತ್ತವೆ.

ಸುರಕ್ಷತೆಗೆ ಬಂದರೆ, 2018ರ ಡಿಸೆಂಬರಿನಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಐದು ನಕ್ಷತ್ರ ಪಡೆದ ಮೊದಲ ಭಾರತೀಯ ಕಾರು ನೆಕ್ಸಾನ್. 2023ರ ಅಕ್ಟೋಬರಿನಿಂದ ದೇಶದ್ದೇ ಆದ ಭಾರತ್ ಎನ್‌ಕ್ಯಾಪ್ ನಡೆಯುತ್ತಿದೆ. ಎತ್ತರದ ಗಾಡಿಯೆಂದ ಮಾತ್ರಕ್ಕೆ ಗಟ್ಟಿ ಎಂದಲ್ಲ. ಒಂದೇ ವರ್ಗದಲ್ಲಿ ಐದು ನಕ್ಷತ್ರದವೂ ಇವೆ, ಅದಕ್ಕಿಂತ ಕೆಳಗಿನವೂ ಇವೆ. ಎತ್ತರದ ಗಾಡಿಯ ಭಾರದ ಕೇಂದ್ರ ಮೇಲಿರುವುದರಿಂದ ತಿರುವಿನಲ್ಲಿ ಹೆಚ್ಚು ವಾಲುತ್ತದೆ. ಹೆದ್ದಾರಿ 150ಎಯಲ್ಲಿ ಮುಸ್ಸಂಜೆ ಕುರಿಹಿಂಡು ದಿಢೀರನೆ ಅಡ್ಡ ಬಂದಾಗ ಸ್ಟಿಯರಿಂಗ್ ಎಳೆಯುವ ಚಾಲಕನಿಗೆ ಇಎಸ್‌ಸಿ ಎಂಬ ವ್ಯವಸ್ಥೆ ಗಾಡಿ ಪಲ್ಟಿಯಾಗದಂತೆ ಕಾಪಾಡಲು ನೆರವಾಗುತ್ತದೆ. ಸನ್‌ರೂಫ್ ಬಿಟ್ಟು ಇಎಸ್‌ಸಿ ಇರುವ ಮಾದರಿಯನ್ನೇ ಆರಿಸಬೇಕು.

ಬೆಲೆ, ತೆರಿಗೆ, ಕಂತು

2025ರ ತೆರಿಗೆ ಇಳಿಕೆಯ ನಂತರ ಪಂಚ್, ಎಕ್ಸ್‌ಟರ್, ಮ್ಯಾಗ್ನೈಟ್‌ಗಳ ಆರಂಭದ ಶೋರೂಂ ಬೆಲೆ ಐದೂವರೆ ಲಕ್ಷದ ಆಸುಪಾಸಿಗೆ ಇಳಿಯಿತು. ನೆಕ್ಸಾನ್ ಏಳು ಲಕ್ಷ ಚಿಲ್ಲರೆಯಿಂದ, ಬ್ರೆಝಾ ಎಂಟು ಲಕ್ಷ ಚಿಲ್ಲರೆಯಿಂದ ಶುರು. ಮನೆಗೆ ಬರುವ ಹೊತ್ತಿಗೆ ರಾಜ್ಯದ ಆಜೀವ ತೆರಿಗೆ ಸೇರುತ್ತದೆ. ಇದು ಕರ್ನಾಟಕದಲ್ಲಿ ದೇಶದಲ್ಲೇ ಹೆಚ್ಚಿನ ದರಗಳಲ್ಲೊಂದು. ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಐದರಿಂದ ಹತ್ತು ಲಕ್ಷದವರೆಗೆ ಶೇ 14, ಹತ್ತರಿಂದ ಇಪ್ಪತ್ತು ಲಕ್ಷದವರೆಗೆ ಶೇ 17. ಆ ತೆರಿಗೆಯ ಮೇಲೆ ಮತ್ತೆ ಶೇ 11 ಸೆಸ್. ಹೀಗಾಗಿ ಒಂಬತ್ತೂವರೆ ಲಕ್ಷದ ಗಾಡಿಗೆ ಸುಮಾರು 1,47,600 ರೂಪಾಯಿ ತೆರಿಗೆಯಾದರೆ ಹತ್ತೂವರೆ ಲಕ್ಷದ್ದಕ್ಕೆ 1,98,100 ಆಗುತ್ತದೆ. ಒಂದು ಲಕ್ಷದ ಮೇಲ್ದರ್ಜೆಗೆ ಆಸೆಪಟ್ಟವರು ಐವತ್ತು ಸಾವಿರ ತೆರಿಗೆಯನ್ನೂ ಹೆಚ್ಚು ಕಟ್ಟುತ್ತಾರೆ. ಹತ್ತು ಲಕ್ಷದ ಗೆರೆಯ ಈ ಬದಿಗೇ ನಿಲ್ಲುವುದು ಬಹುಪಾಲು ಮನೆಗಳಿಗೆ ಸರಿಯಾದ ನಿರ್ಧಾರ. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಐದು ವರ್ಷ ಆಗುವ ಹೊತ್ತಿಗೆ ವಿಮೆಯ ಲೆಕ್ಕದಲ್ಲಿ ಗಾಡಿಯ ಮೌಲ್ಯ ಅರ್ಧಕ್ಕೆ ಇಳಿದಿರುತ್ತದೆ.

ಇವೆಲ್ಲಕ್ಕಿಂತ ಹೆಚ್ಚು ಯೋಚನೆ ಬೇಡುವುದು ಸಾಲ. ಎಂಟು ಲಕ್ಷ ಸಾಲಕ್ಕೆ ಶೇ 9.5 ಬಡ್ಡಿ ಹಿಡಿದರೆ ಐದು ವರ್ಷದ ಅವಧಿಗೆ ತಿಂಗಳ ಕಂತು ಸುಮಾರು 16,800. ಒಟ್ಟು ಬಡ್ಡಿ ಎರಡು ಲಕ್ಷ ಎಂಟು ಸಾವಿರ. ಏಳು ವರ್ಷಕ್ಕೆ ಎಳೆದರೆ ಕಂತು 13,100ಕ್ಕೆ ಇಳಿಯುತ್ತದೆ, ಬಡ್ಡಿ ಮೂರು ಲಕ್ಷದ ಹತ್ತಿರ ಹೋಗುತ್ತದೆ. ಕುದಾಪುರದ ವಿಜ್ಞಾನ ಸಂಸ್ಥೆಗಳಲ್ಲೋ ಶಾಲೆಯಲ್ಲೋ ಬ್ಯಾಂಕಿನಲ್ಲೋ ಸಂಬಳ ಎಣಿಸುವವರಿಗೆ ತಿಂಗಳ ಕಂತು ಒಗ್ಗುತ್ತದೆ. ಮಳೆಯನ್ನೇ ನಂಬಿದ ಶೇಂಗಾ ರೈತನಿಗೆ ದುಡ್ಡು ಬರುವುದು ವರ್ಷಕ್ಕೊಮ್ಮೆ, ಫಸಲು ಮಾರಿದಾಗ. ಕಂತು ಬರುವುದು ಹನ್ನೆರಡು ಸಲ. ಎಣ್ಣೆ ಮಿಲ್ಲುಗಳಿಗೆ ಹೆಸರಾದ ಚಳ್ಳಕೆರೆಯಲ್ಲಿ ಶೇಂಗಾ ಕೈಕೊಟ್ಟ ವರ್ಷ ಏನಾಗುತ್ತದೆಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಒಂದು ಬರಗಾಲದ ವರ್ಷದ ಕಂತನ್ನು ಬೇರೆ ಆದಾಯದಿಂದ, ಹೈನದಿಂದಲೋ ಕುರಿಯಿಂದಲೋ ಕಟ್ಟಲು ಸಾಧ್ಯವೇ ಎಂದು ಮೊದಲೇ ಲೆಕ್ಕ ಹಾಕಬೇಕು. ಸಾಧ್ಯವಿಲ್ಲ ಎಂದಾದರೆ ಮುಂಗಡ ಹೆಚ್ಚಿಸಿ ಸಾಲ ತಗ್ಗಿಸಬೇಕು, ಇಲ್ಲವೇ ಗಾಡಿಯನ್ನೇ ತಗ್ಗಿಸಬೇಕು. ಫಸಲಿಗೆ ಹೊಂದಿಕೊಂಡ ಅರ್ಧವಾರ್ಷಿಕ ಕಂತಿಗೆ ಬ್ಯಾಂಕು ಒಪ್ಪುತ್ತದೆಯೇ, ಅವಧಿಗೆ ಮುನ್ನ ತೀರಿಸಿದರೆ ದಂಡವಿದೆಯೇ ಎಂಬ ಎರಡು ಪ್ರಶ್ನೆಗಳನ್ನು ಸಹಿ ಹಾಕುವ ಮೊದಲು ಕೇಳಬೇಕು.

ಸಾಲ ಬೇಡವೆನ್ನುವವರಿಗೆ ಹಳೆಯ ಗಾಡಿಯ ದಾರಿ ಇದೆ. ನಾಲ್ಕೈದು ವರ್ಷದ ಕ್ರಾಸ್‌ಓವರ್ ಹೊಸ ಸಣ್ಣ ಕಾರಿನ ಬೆಲೆಗೇ ಸಿಗುತ್ತದೆ, ಆಜೀವ ತೆರಿಗೆಯನ್ನು ಮೊದಲ ಮಾಲೀಕ ಕಟ್ಟಿರುತ್ತಾನೆ. ಫೋರ್ಡ್ 2021ರ ಸೆಪ್ಟೆಂಬರಿನಲ್ಲಿ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಪ್ರಕಟಿಸಿದ ಮೇಲೆ ಇಕೊಸ್ಪೋರ್ಟ್‌ಗಳು ಅಗ್ಗವಾದವು. ಗಾಡಿ ಗಟ್ಟಿಯೇ ಸರಿ, ಆದರೆ ಬಿಡಿಭಾಗ ಎಲ್ಲಿಂದ, ಎಷ್ಟು ದಿನದಲ್ಲಿ ಬರುತ್ತದೆಂದು ಮೆಕ್ಯಾನಿಕ್‌ನಿಂದ ತಿಳಿದುಕೊಂಡೇ ಮುಂದುವರಿಯಬೇಕು. ಯಾವುದೇ ಹಳೆಯ ಕ್ರಾಸ್‌ಓವರನ್ನು ಗ್ಯಾರೇಜಿನಲ್ಲಿ ಮೇಲೆತ್ತಿಸಿ ತಳ ನೋಡಬೇಕು. ಎಂಜಿನ್ ಕೆಳಗಿನ ಹೊದಿಕೆಯಲ್ಲಿ ಗೀರು, ಬಂಪರಿನ ಕೆಳಗೆ ತಂತಿ ಕಟ್ಟಿದ ಗುರುತು ಕಂಡರೆ ಹಿಂದಿನ ಮಾಲೀಕ ಅದನ್ನು ಜೀಪೆಂದು ಓಡಿಸಿದ್ದಾನೆ ಎಂದರ್ಥ.

ಪೇಟೆಯಲ್ಲೇ ಇದ್ದು ಡಾಂಬರು ಬಿಟ್ಟು ಇಳಿಯದ ನಾಲ್ವರ ಸಂಸಾರಕ್ಕೆ ಸಣ್ಣ ಕಾರೇ ಸಾಕು. ಉಳಿದ ದುಡ್ಡು ಪೆಟ್ರೋಲಿಗೆ ಆದೀತು. ನಿತ್ಯ ಚೀಲ ಹೊರುವ, ಎರೆನೆಲದ ದಾರಿಯ ದೊಡ್ಡ ಸಂಸಾರಕ್ಕೆ ಬೊಲೆರೊ ಇಂದಿಗೂ ಸರಿ. ನಡುವೆ ಉಳಿಯುವುದು ಹೆದ್ದಾರಿಯ ಆಚೀಚೆ ಕೆಂಪುನೆಲದ ಹಳ್ಳಿಯಲ್ಲಿರುವ, ವಯಸ್ಸಾದವರಿರುವ, ನಾಲ್ಕೈದು ಜನರ ಮನೆ. ಎರಡು ತಾಲ್ಲೂಕುಗಳಲ್ಲಿ ಅಂಥ ಮನೆಗಳು ಬೇಕಾದಷ್ಟಿವೆ, ಸಣ್ಣ ಕ್ರಾಸ್‌ಓವರ್ ಹೊಂದುವುದು ಅವುಗಳಿಗೇ. ಅವರೂ ಟೆಸ್ಟ್ ಡ್ರೈವ್ ಎಂದು ಶೋರೂಮಿನ ಮುಂದಿನ ರಸ್ತೆಯಲ್ಲಿ ಒಂದು ಸುತ್ತು ಹೊಡೆದು ಒಪ್ಪಬಾರದು. ಗಾಡಿಯನ್ನು ಊರಿಗೇ ತರಿಸಿ, ಹಿರಿಯರೂ ಸೇರಿದಂತೆ ಐವರನ್ನು ಕೂರಿಸಿ, ಡಿಕ್ಕಿಯಲ್ಲಿ ಒಂದು ಗೊಬ್ಬರದ ಚೀಲ ಇಟ್ಟು, ತಮ್ಮ ಊರಿನ ಕೆಟ್ಟ ಹಂಪ್ ಮೇಲೂ ತೋಟದ ದಾರಿಯಲ್ಲೂ ನಿಧಾನವಾಗಿ ಓಡಿಸಿ ನೋಡಬೇಕು. ಎಸಿ ಹಾಕಿಕೊಂಡೇ ಏರು ಹತ್ತಿಸಬೇಕು. ಸಂಜೆ ಕತ್ತಲಾದ ಮೇಲೆ ಹೆಡ್‌ಲೈಟ್ ಎಷ್ಟು ದೂರ ಬೀಳುತ್ತದೆಂದು ಹೆದ್ದಾರಿಗೆ ಇಳಿಸಿ ಪರೀಕ್ಷಿಸಬೇಕು.